ಕೇಳಿಯಿಂದ ಕಲಾಪುಟದವರೆಗೆ: ಸ್ಥಳೀಯ ಕಲಾವಾರ್ತೆಯ ಮೌಲ್ಯವಿಚಾರ

1

ತೆಂಕುತಿಟ್ಟಿನ ಯಕ್ಷಗಾನದಲ್ಲಿ ‘ಕೇಳಿ’ ಎಂಬ ಪದ್ಧತಿಯೊಂದಿದೆ. ರಾತ್ರಿ ಆಟ ನಡೆಯಲಿರುವ ಬಯಲಿನಲ್ಲಿ ಸಂಜೆಯ ಹೊತ್ತಿಗೆ ಚೆಂಡೆ ಮದ್ದಳೆಗಳನ್ನು ಬಾರಿಸಿ, ಇಂದು ಇಲ್ಲಿ ಆಟವಿದೆಯೆಂದು ಸುತ್ತಲಿನ ಊರುಗಳಿಗೆ ತಿಳಿಯಪಡಿಸುವುದನ್ನು ಕೇಳಿ ಬಡಿಯುವುದು ಎನ್ನುತ್ತಾರೆ. ಮುದ್ರಣಯಂತ್ರ, ಪತ್ರಿಕೆ, ಧ್ವನಿವರ್ಧಕಗಳು ಬರುವುದಕ್ಕೂ ಮೊದಲು ಕರಾವಳಿಯ ಜನರಿಗೆ ಕಲೆಯ ಸುದ್ದಿ ತಲುಪುತ್ತಿದ್ದ ಬಗೆ ಇದು. ಪ್ರಸಂಗ ಯಾವುದು, ಭಾಗವತರು ಯಾರು, ಎಷ್ಟು ಹೊತ್ತಿಗೆ ಆರಂಭ ಎಂಬ ಯಾವ ವಿವರವನ್ನೂ ಕೇಳಿ ಕೊಡುವುದಿಲ್ಲ. ಆದರೆ ಒಂದು ಸಂಗತಿಯಲ್ಲಿ ಅದನ್ನು ಮೀರಿಸಿದ ಪ್ರಕಟಣೆ ಮುಂದೆ ಬಂದಿಲ್ಲ. ಚೆಂಡೆಯ ಸದ್ದು ಬಂದ ದಿಕ್ಕಿಗೆ ನಡೆದುಹೋದವನಿಗೆ ಅಲ್ಲಿ ಆಟ ಇದ್ದೇ ಇರುತ್ತಿತ್ತು.

ಒಂದು ಊರಿನ ಅಥವಾ ಜಿಲ್ಲೆಯ ಆಟ, ನಾಟಕ, ಸಂಗೀತ ಕಛೇರಿ, ಚಿತ್ರಪ್ರದರ್ಶನ, ಜಾತ್ರೆಯ ಮನರಂಜನೆ ಮುಂತಾದವುಗಳ ಬಗ್ಗೆ ಮುಂಚಿತವಾಗಿ ತಿಳಿಸುವ ಮತ್ತು ಮುಗಿದ ಬಳಿಕ ಬೆಲೆಕಟ್ಟುವ ಬರಹಗಳನ್ನೆಲ್ಲ ಪ್ರಸ್ತುತ ಲೇಖನದಲ್ಲಿ ‘ಸ್ಥಳೀಯ ಕಲಾವಾರ್ತೆ’ ಎಂದು ಕರೆಯಲಾಗಿದೆ. ದಿನಪತ್ರಿಕೆಯ ‘ಇಂದಿನ ಕಾರ್ಯಕ್ರಮ’ ಅಂಕಣ, ಜಿಲ್ಲಾ ಪುಟದ ವರದಿ, ಕರಪತ್ರ, ಆಮಂತ್ರಣ ಪತ್ರಿಕೆ, ವಾರದ ಪುರವಣಿಯ ವಿಮರ್ಶೆ ಇವೆಲ್ಲ ಈ ವ್ಯಾಪ್ತಿಗೆ ಬರುತ್ತವೆ. ನಮ್ಮಲ್ಲಿ ಯಕ್ಷಗಾನದ ಬಗ್ಗೆ, ವೃತ್ತಿರಂಗಭೂಮಿಯ ಬಗ್ಗೆ, ಪತ್ರಿಕೋದ್ಯಮದ ಬಗ್ಗೆ ಸಾಕಷ್ಟು ಅಧ್ಯಯನಗಳು ನಡೆದಿವೆ. ಆದರೆ ಕಲೆಗೂ ಪ್ರೇಕ್ಷಕನಿಗೂ ನಡುವೆ ನಿಂತಿರುವ ಈ ಸಣ್ಣ ಬರಹವನ್ನು ಸ್ವತಂತ್ರ ಬರವಣಿಗೆಯ ಪ್ರಕಾರವೆಂದು ಎಣಿಸಿ, ಅದರ ಗುಣದೋಷಗಳನ್ನು ವಿವೇಚಿಸಿದ್ದು ಕಡಿಮೆ. ಓದುಗನೊಬ್ಬ ಇಂತಹ ಪುಟಕ್ಕೆ ಮತ್ತೆ ಮತ್ತೆ ಮರಳಿ ಬರುವಂತೆ ಮಾಡುವ ಗುಣ ಯಾವುದು ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

ಕರಾವಳಿಯ ಯಕ್ಷಗಾನವನ್ನು ಪ್ರಧಾನ ನಿದರ್ಶನವಾಗಿ ಇಟ್ಟುಕೊಂಡು, ಹೋಲಿಕೆಗಾಗಿ ಉತ್ತರ ಕರ್ನಾಟಕದ ಕಂಪನಿ ನಾಟಕ ಹಾಗೂ ಬೆಂಗಳೂರಿನ ಹವ್ಯಾಸಿ ರಂಗಭೂಮಿಯನ್ನು ಗಮನಿಸಿ ಈ ಪ್ರಶ್ನೆಗೆ ಉತ್ತರ ಹುಡುಕಲಾಗಿದೆ. ಸ್ಥಳೀಯ ಕಲಾವಾರ್ತೆಯ ಬೆಲೆ ಅದರ ವಿಸ್ತಾರದಿಂದಾಗಲಿ ಅಲಂಕಾರದಿಂದಾಗಲಿ ಬರುವಂಥದ್ದಲ್ಲ. ಅದನ್ನು ನಂಬಿ ಒಬ್ಬ ಮನುಷ್ಯ ಮನೆಯಿಂದ ಹೊರಡುತ್ತಾನೆ. ಆ ನಂಬಿಕೆಯನ್ನು ಉಳಿಸಿಕೊಳ್ಳುವ ಶಕ್ತಿಯೇ ಅದರ ಬೆಲೆ. ಪ್ರದರ್ಶನದ ಮೊದಲು ನಿಖರತೆ, ಪ್ರದರ್ಶನದ ಮರುದಿನ ವಿವೇಚನೆ, ವರ್ಷಗಳು ಕಳೆದ ಮೇಲೆ ನೆನಪು ಎಂಬ ಮೂರು ರೂಪಗಳಲ್ಲಿ ಈ ಶಕ್ತಿ ಪ್ರಕಟವಾಗುತ್ತದೆ ಎಂಬುದು ಈ ಲೇಖನದ ಪ್ರತಿಪಾದನೆ.

2

ಮೊದಲಿಗೆ ನಿಖರತೆಯ ವಿಚಾರ. ಯಕ್ಷಗಾನ ಮೇಳಗಳ ತಿರುಗಾಟ ಸಾಮಾನ್ಯವಾಗಿ ದೀಪಾವಳಿಯ ಅನಂತರ ಆರಂಭವಾಗಿ ಮೇ ತಿಂಗಳ ಕೊನೆಯ ಭಾಗದಲ್ಲಿ, ತುಳುನಾಡಿನವರು ಪತ್ತನಾಜೆ ಎಂದು ಕರೆಯುವ ದಿನದ ಆಸುಪಾಸಿನಲ್ಲಿ ಮುಗಿಯುತ್ತದೆ. ಈ ಅವಧಿಯಲ್ಲಿ ಕರಾವಳಿಯ ದಿನಪತ್ರಿಕೆಗಳು ಅಂದಂದಿನ ಆಟಗಳ ಪಟ್ಟಿಯನ್ನು ಪ್ರಕಟಿಸುತ್ತ ಬಂದಿವೆ. ಮೇಳದ ಹೆಸರು, ಆಟದ ಸ್ಥಳ, ಪ್ರಸಂಗ ಎಂಬ ಮೂರು ಸಂಗತಿಗಳು ಒಂದೇ ಸಾಲಿನಲ್ಲಿ ಇರುತ್ತವೆ. ಕನ್ನಡದ ಅತ್ಯಂತ ಮಿತವ್ಯಯದ ಗದ್ಯ ಯಾವುದೆಂದು ಕೇಳಿದರೆ ಈ ಪಟ್ಟಿಯನ್ನು ತೋರಿಸಬಹುದು. ಇದರಲ್ಲಿ ಒಂದು ವಿಶೇಷಣವೂ ಇಲ್ಲ. ಹೀಗಿದ್ದೂ ಸಾವಿರಾರು ಜನರ ಆ ರಾತ್ರಿಯ ನಿರ್ಧಾರ ಈ ಒಂದು ಸಾಲನ್ನು ಅವಲಂಬಿಸಿರುತ್ತದೆ.

ಇಷ್ಟು ಚಿಕ್ಕ ಸಾಲಿನಲ್ಲಿಯೂ ತಪ್ಪುವುದಕ್ಕೆ ಅವಕಾಶಗಳು ಹಲವು. ಕಟೀಲು, ಮಂದಾರ್ತಿಯಂತಹ ಕ್ಷೇತ್ರಗಳಿಂದ ಒಂದಕ್ಕಿಂತ ಹೆಚ್ಚು ಮೇಳಗಳು ಏಕಕಾಲದಲ್ಲಿ ಹೊರಡುತ್ತವೆ. ಆದ್ದರಿಂದ ‘ಕಟೀಲು ಮೇಳ’ ಎಂದಷ್ಟೇ ಬರೆದರೆ ಬಲ್ಲ ಓದುಗನಿಗೆ ಅದು ಅರ್ಧ ಸುದ್ದಿ. ಎಷ್ಟನೆಯ ಮೇಳ ಎಂಬುದು ತಿಳಿದರೆ ಮಾತ್ರ ಭಾಗವತರು ಯಾರು, ಚೆಂಡೆಗೆ ಯಾರು ಇರುತ್ತಾರೆ, ಬಣ್ಣದ ವೇಷ ಯಾರದು ಎಂಬುದು ಅವನಿಗೆ ಹೊಳೆಯುತ್ತದೆ. ಇದೇ ರೀತಿ ಪ್ರಸಂಗದ ಹೆಸರೊಂದೇ ರಸಿಕನನ್ನು ಕರೆತರುವುದಿಲ್ಲ. ಹರಕೆಯ ಆಟಗಳಲ್ಲಿ ‘ದೇವಿ ಮಹಾತ್ಮೆ’ ಮತ್ತೆ ಮತ್ತೆ ನಡೆಯುತ್ತದೆ. ಅದನ್ನು ಹತ್ತಾರು ಸಲ ನೋಡಿದವನು ಹನ್ನೊಂದನೆಯ ಸಲ ಹೋಗುವುದು ಕಥೆಯನ್ನು ತಿಳಿಯುವುದಕ್ಕಲ್ಲ. ಆ ರಾತ್ರಿ ಮಹಿಷಾಸುರನ ಪ್ರವೇಶ ಯಾರದು ಎಂಬುದು ಅವನ ಕುತೂಹಲ. ಬಯಲಾಟದ ಮೇಳಗಳಲ್ಲಿ ಪಾತ್ರ ಹಂಚಿಕೆ ಅನೇಕ ವೇಳೆ ಅಂದಂದೇ ತೀರ್ಮಾನವಾಗುವುದರಿಂದ ಈ ವಿವರ ಮುಂಚಿತವಾಗಿ ಅಚ್ಚಾಗುವುದು ಕಷ್ಟ. ಆದರೆ ಅದು ಮರುದಿನವೂ ಎಲ್ಲಿಯೂ ಅಚ್ಚಾಗದೆ ಹೋಗುತ್ತದೆ ಎಂಬುದು ಮುಂದೆ ಚರ್ಚಿಸಬೇಕಾದ ವಿಷಯ.

ಕಾಲದ ನಿಖರತೆಗೆ ಇತ್ತೀಚಿನ ದಶಕಗಳಲ್ಲಿ ಹೊಸ ಮಹತ್ವ ಬಂದಿದೆ. ಇಡೀ ರಾತ್ರಿಯ ಆಟಕ್ಕೆ ‘ರಾತ್ರಿ 9ರಿಂದ’ ಎಂದು ಬರೆದರೆ ಸಾಕಾಗುತ್ತಿತ್ತು, ಕೊನೆ ಎಂದರೆ ಬೆಳಗು ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಮನೆಗೆಲಸ ಮುಗಿಸಿ, ಒಂದು ನಿದ್ದೆ ತೆಗೆದು, ನಡುರಾತ್ರಿಯ ಅನಂತರದ ವೇಷಗಳಿಗಾಗಿಯೇ ಎದ್ದು ಹೋಗುವ ಪ್ರೇಕ್ಷಕವರ್ಗವೂ ಇತ್ತು. ರಾತ್ರಿ 10ರಿಂದ ಬೆಳಗಿನ 6 ಗಂಟೆಯವರೆಗೆ ಧ್ವನಿವರ್ಧಕ ಬಳಕೆಯನ್ನು ನಿರ್ಬಂಧಿಸುವ ಶಬ್ದಮಾಲಿನ್ಯ ನಿಯಮಗಳು 2000ದಲ್ಲಿ ಜಾರಿಗೆ ಬಂದವು. ಪ್ರೇಕ್ಷಕರ ಜೀವನಕ್ರಮವೂ ಬದಲಾಯಿತು. ಅನೇಕ ಪ್ರದರ್ಶನಗಳು ‘ಕಾಲಮಿತಿ’ಗೆ ಒಳಪಟ್ಟವು. ಈಗ ಮುಕ್ತಾಯದ ಸಮಯವನ್ನು ಹೇಳದ ಪ್ರಕಟಣೆ ಹಳೆಯ ರೂಢಿಯ ರಸಿಕನನ್ನು ನಡುರಾತ್ರಿ ಖಾಲಿ ಬಯಲಿಗೆ ಕರೆದೊಯ್ಯಬಲ್ಲದು. ಕಲೆಯ ರೂಪ ಬದಲಾದಾಗ ಪ್ರಕಟಣೆಯ ರೂಪವೂ ಬದಲಾಗಬೇಕಾಗುತ್ತದೆ ಎಂಬುದಕ್ಕೆ ಇದೊಂದು ಸ್ಪಷ್ಟ ಉದಾಹರಣೆ.

ನಗರದ ರಂಗಭೂಮಿಯಲ್ಲಿ ಇದೇ ಪ್ರಶ್ನೆ ಬೇರೊಂದು ಬಗೆಯಲ್ಲಿ ಏಳುತ್ತದೆ. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ರಂಗಶಂಕರವು ನಿಗದಿತ ಸಮಯಕ್ಕೆ ಸರಿಯಾಗಿ ನಾಟಕ ಆರಂಭಿಸುವ, ತಡವಾಗಿ ಬಂದವರನ್ನು ಒಳಗೆ ಬಿಡದ ಕಟ್ಟುನಿಟ್ಟಿಗೆ ಹೆಸರಾಯಿತು. ಅಚ್ಚಾದ ಗಂಟೆಯೇ ನಿಜವಾದ ಗಂಟೆ ಎಂಬ ಈ ಶಿಸ್ತು ಪ್ರೇಕ್ಷಕನಿಗೆ ತೋರಿಸಿದ ಗೌರವವಾಗಿದೆ. ಇದಕ್ಕೆ ವಿರುದ್ಧವಾದ ಚಿತ್ರವನ್ನು ನಾಡಿನ ಯಾವ ಊರಿನಲ್ಲಿಯೂ ಕಾಣಬಹುದು. ‘ಸಂಜೆ 6 ಗಂಟೆಗೆ ಸರಿಯಾಗಿ’ ಎಂದು ಅಚ್ಚಾಗಿರುತ್ತದೆ. ಸಭೆ ಏಳಕ್ಕೆ ಸೇರುತ್ತದೆ, ಸನ್ಮಾನ ಎಂಟೂವರೆಗೆ ಮುಗಿಯುತ್ತದೆ, ನಾಟಕ ಅನಂತರ. ಆರು ಗಂಟೆ ಎಂಬುದು ಇಲ್ಲಿ ಪೂರ್ತಿ ಸುಳ್ಳಲ್ಲ, ಆದರೆ ಅದು ಕಲೆಯ ಸಮಯವೂ ಅಲ್ಲ. ಒಳ್ಳೆಯ ಕಲಾಪುಟವೊಂದು ಸಂಘಟಕರು ಕಳುಹಿಸಿದ ಮಾಹಿತಿಯನ್ನು ಹಾಗೆಯೇ ಅಚ್ಚುಮಾಡದೆ, ‘ನಾಟಕ ಎಷ್ಟು ಹೊತ್ತಿಗೆ?’ ಎಂಬ ಒಂದು ಪ್ರಶ್ನೆಯನ್ನು ಕೇಳಿ ತಿಳಿದುಕೊಂಡರೂ ಅದರ ಬೆಲೆ ಇಮ್ಮಡಿಯಾಗುತ್ತದೆ.

3

ಸಭೆಯ ಪ್ರಸ್ತಾಪ ಬಂದುದರಿಂದ ನಮ್ಮ ಕಲಾವಾರ್ತೆಯ ಒಂದು ಮೂಲಭೂತ ದೋಷವನ್ನು ಇಲ್ಲಿಯೇ ಗುರುತಿಸಬೇಕು. ಕರ್ನಾಟಕದ ಯಾವುದೇ ಊರಿನ ಸಾಂಸ್ಕೃತಿಕ ಕಾರ್ಯಕ್ರಮದ ಆಮಂತ್ರಣ ಪತ್ರಿಕೆಯನ್ನು ಕೈಗೆತ್ತಿಕೊಂಡು ನೋಡಿದರೆ, ಉದ್ಘಾಟಕರು, ಅಧ್ಯಕ್ಷತೆ ವಹಿಸುವವರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ ಎಂಬ ಅನುಕ್ರಮದಲ್ಲಿ ಹೆಸರುಗಳು ಹುದ್ದೆಗಳ ಸಮೇತ ಸಾಲುಗಟ್ಟಿ ನಿಂತಿರುತ್ತವೆ. ಪುಟದ ಕೊನೆಯಲ್ಲಿ ‘ತದನಂತರ ಸಾಂಸ್ಕೃತಿಕ ಕಾರ್ಯಕ್ರಮ’ ಎಂಬ ಒಂದು ಸಾಲು. ಕೆಲವೊಮ್ಮೆ ಮುಖ್ಯ ಕಲಾವಿದರ ಹೆಸರಿನ ಮುಂದೆ ‘ಮತ್ತು ಬಳಗದವರಿಂದ’ ಎಂಬ ಸೇರ್ಪಡೆ. ಮರುದಿನದ ವರದಿ ಈ ಪತ್ರಿಕೆಯ ಪ್ರತಿಬಿಂಬವೇ ಆಗಿರುತ್ತದೆ. ಅತಿಥಿಗಳು ಹೇಳಿದ ಮಾತುಗಳಿಗೆ ಹತ್ತು ಸಾಲು, ಆ ಸಭೆಗೆ ಕಾರಣವಾದ ಕಲೆಗೆ ಒಂದು ಸಾಲು.

‘ಬಳಗದವರು’ ಎಂಬ ಪದದೊಳಗೆ ಮರೆಯಾದವರು ಯಾರು ಎಂದು ಯೋಚಿಸಿದರೆ ಈ ದೋಷದ ಆಳ ಅರಿವಾಗುತ್ತದೆ. ಮದ್ದಳೆಗಾರ, ಚೆಂಡೆಯವನು, ಸ್ತ್ರೀವೇಷಧಾರಿ, ಹಾಸ್ಯಗಾರ, ನೇಪಥ್ಯದವರು, ಹಾರ್ಮೋನಿಯಂ ಮತ್ತು ತಬಲಾ ವಾದಕರು, ಬೆಳಕು ನಿರ್ವಹಿಸಿದವರು, ಇವರೆಲ್ಲರೂ ಆ ಒಂದು ಪದದಲ್ಲಿ ಅಡಗಿರುತ್ತಾರೆ. ಯಾರ ಹೆಸರು ಅಚ್ಚಾಗುತ್ತದೆ ಎಂಬುದು ಯಾರ ಕೆಲಸವನ್ನು ಸಮಾಜ ಕೆಲಸವೆಂದು ಒಪ್ಪಿಕೊಂಡಿದೆ ಎಂಬುದರ ಸೂಚನೆಯೂ ಹೌದು. ಕಲೆಯ ಪುಟವೆಂದು ಕರೆದುಕೊಳ್ಳುವ ಪುಟ ಈ ಅನುಕ್ರಮವನ್ನು ತಲೆಕೆಳಗು ಮಾಡಬೇಕಾದುದು ನ್ಯಾಯ. ಮೊದಲು ಕಲಾವಿದರು, ಅವರವರ ಪಾತ್ರ ಅಥವಾ ವಾದ್ಯದೊಂದಿಗೆ, ಆಮೇಲೆ ಅತಿಥಿಗಳು.

ಈ ದೃಷ್ಟಿಯಿಂದ ನೋಡಿದಾಗ ವಿದ್ವಾಂಸರು ಅಗ್ಗವೆಂದು ಕಡೆಗಣಿಸಿದ ಕಂಪನಿ ನಾಟಕದ ಕರಪತ್ರ ಹೆಚ್ಚು ಪ್ರಾಮಾಣಿಕವಾಗಿ ತೋರುತ್ತದೆ. ಬಾದಾಮಿಯ ಬಳಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಅಕ್ಕಪಕ್ಕದಲ್ಲಿಯೇ ಡೇರೆ ಹಾಕಿ ವಾರಗಟ್ಟಲೆ ಪ್ರದರ್ಶನ ನಡೆಸುವ ಸಂಪ್ರದಾಯ ಪ್ರಸಿದ್ಧವಾದದ್ದು. ಒಂದೇ ಸಂಜೆ ಅನೇಕ ನಾಟಕಗಳು ಪ್ರೇಕ್ಷಕನನ್ನು ಕರೆಯುವ ಅಲ್ಲಿ ಕರಪತ್ರವೂ ಧ್ವನಿವರ್ಧಕದ ಕೂಗೂ ಸ್ಪರ್ಧೆಗೆ ಇಳಿಯುತ್ತವೆ. ‘ನಗೆಯ ಹೊನಲು’, ‘ಹಿಂದೆಂದೂ ಕಾಣದ’, ‘ಕೊನೆಯ ಕೆಲವೇ ಪ್ರಯೋಗಗಳು’ ಎಂಬಂತಹ ಮಾತುಗಳಿಗೆ ಅಲ್ಲಿ ಬರವಿಲ್ಲ. ಆದರೆ ನಟನಟಿಯರ ಹೆಸರುಗಳನ್ನೂ ಚಿತ್ರಗಳನ್ನೂ ಅದು ಮುಂದಿಡುತ್ತದೆ. ಏಕೆಂದರೆ ಜನ ಬರುವುದು ಅವರಿಗಾಗಿ ಎಂಬುದು ಕಂಪನಿಯ ಮಾಲೀಕನಿಗೆ ಗೊತ್ತು. 1884ರಲ್ಲಿ ಸ್ಥಾಪನೆಯಾದ ಗುಬ್ಬಿ ಕಂಪನಿ ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದದ್ದು ಪ್ರಸಿದ್ಧ ಸಂಗತಿ. ಕಂಪನಿ ನಾಟಕದ ಪ್ರಚಾರದಲ್ಲಿ ಆಡಂಬರದ ಮಾತು ಇದ್ದರೂ ಅದರ ಹಿಂದೆ ಆನೆಯೂ ಇರುತ್ತಿತ್ತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಕರಪತ್ರದ ಉತ್ಪ್ರೇಕ್ಷೆ ಯಾರನ್ನೂ ವಂಚಿಸುವುದಿಲ್ಲ. ಅದು ಮಾರುವವನ ಮಾತು ಎಂಬುದನ್ನು ಓದುವವನು ಬಲ್ಲ, ಅದಕ್ಕೆ ತಕ್ಕಷ್ಟು ಕಳೆದು ಓದಿಕೊಳ್ಳುತ್ತಾನೆ. ಆದರೆ ಅದೇ ಮಾತು ಪತ್ರಿಕೆಯ ವರದಿಯಾಗಿಯೋ ವಿಮರ್ಶೆಯಾಗಿಯೋ ಬಂದಾಗ ಅದನ್ನು ಕಳೆದು ಓದುವ ಎಚ್ಚರ ಓದುಗನಿಗೆ ಇರುವುದಿಲ್ಲ. ಸಂಘಟಕರೇ ಬರೆದುಕೊಟ್ಟ ಹೊಗಳಿಕೆ ಸಂಪಾದಕರ ಅಭಿಪ್ರಾಯದ ವೇಷದಲ್ಲಿ ಅಚ್ಚಾದರೆ, ಅದು ಒಂದೆರಡು ಸಲ ಪ್ರೇಕ್ಷಕರನ್ನು ಕರೆತರಬಹುದು. ಮೂರನೆಯ ಸಲಕ್ಕೆ ಆ ಪುಟದ ಮಾತಿಗೆ ಬೆಲೆ ಇರುವುದಿಲ್ಲ. ಜಾಹೀರಾತು ಯಾವುದು, ಪ್ರಕಟಣೆ ಯಾವುದು, ವಿಮರ್ಶೆ ಯಾವುದು ಎಂಬ ಗೆರೆಗಳು ಓದುಗನ ಕಣ್ಣಿಗೆ ಕಾಣುವಂತಿರುವುದು ಕಲಾಪುಟದ ಯೋಗ್ಯತೆಯ ಎರಡನೆಯ ಪರೀಕ್ಷೆ.

4

ಇನ್ನು ವಿವೇಚನೆಯ ವಿಚಾರ. ಸ್ಥಳೀಯ ವಿಮರ್ಶೆಯ ಭಾಷೆಯನ್ನು ಪರಿಶೀಲಿಸಿದರೆ ಕೆಲವು ನುಡಿಗಟ್ಟುಗಳು ಪದೇ ಪದೇ ಎದುರಾಗುತ್ತವೆ. ‘ಪಾತ್ರಕ್ಕೆ ನ್ಯಾಯ ಒದಗಿಸಿದರು’, ‘ಪ್ರೇಕ್ಷಕರ ಮನಸೂರೆಗೊಂಡಿತು’, ‘ಕಾರ್ಯಕ್ರಮ ಅಚ್ಚುಕಟ್ಟಾಗಿ ಮೂಡಿಬಂತು’, ‘ಕಲಾರಸಿಕರಿಗೆ ರಸದೌತಣ’. ಇವುಗಳಲ್ಲಿ ಯಾವುದೂ ಸುಳ್ಳೆಂದು ಹೇಳುವಂತಿಲ್ಲ. ಇವುಗಳ ತೊಂದರೆಯೆಂದರೆ ಯಾವ ಪ್ರದರ್ಶನಕ್ಕೂ ಒಪ್ಪುತ್ತವೆ ಎಂಬುದು. ಊರಿನ ಹೆಸರನ್ನೂ ಕಲಾವಿದನ ಹೆಸರನ್ನೂ ಬದಲಾಯಿಸಿ ಅದೇ ವಾಕ್ಯವನ್ನು ಬೇರೊಂದು ಕಾರ್ಯಕ್ರಮಕ್ಕೆ ಅಂಟಿಸಬಹುದಾದರೆ, ಆ ವಾಕ್ಯ ಯಾವ ಕಾರ್ಯಕ್ರಮದ ಬಗ್ಗೆಯೂ ಏನನ್ನೂ ಹೇಳಿಲ್ಲ ಎಂದೇ ಅರ್ಥ.

ತಾಳಮದ್ದಳೆಯ ನಿದರ್ಶನದಿಂದ ಇದನ್ನು ಸ್ಪಷ್ಟಪಡಿಸಬಹುದು. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರ ಪದ್ಯಕ್ಕೆ ಅರ್ಥಧಾರಿಯು ಆ ಕ್ಷಣದಲ್ಲಿ ಮಾತು ಕಟ್ಟುವ ಕಲೆ ಇದು. ಶೇಣಿ ಗೋಪಾಲಕೃಷ್ಣ ಭಟ್ಟರಂತಹ (1918–2006) ಅರ್ಥಧಾರಿಗಳು ಈ ಕಲೆಯನ್ನು ವಾದ, ತರ್ಕ ಮತ್ತು ಪಾತ್ರಚಿತ್ರಣದ ಉನ್ನತ ಸ್ತರಕ್ಕೆ ಒಯ್ದವರು. ‘ವಾಲಿವಧೆ’ಯ ತಾಳಮದ್ದಳೆ ನಡೆಯಿತೆಂದು ಭಾವಿಸೋಣ. ‘ವಾಲಿಯ ಪಾತ್ರಧಾರಿಯ ಅರ್ಥಗಾರಿಕೆ ಅಮೋಘವಾಗಿತ್ತು’ ಎಂದು ಬರೆದರೆ ಓದುಗನಿಗೆ ಸಿಕ್ಕಿದ್ದೇನು? ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಆ ದಿನದ ವಾಲಿ ಯಾವ ನೆಲೆಯಿಂದ ಪ್ರಶ್ನಿಸಿದ? ಕ್ಷಾತ್ರಧರ್ಮದ ಹೆಸರಿನಲ್ಲಿಯೋ, ಕಾಡಿನ ಜೀವಿಗೆ ನಾಡಿನ ಕಟ್ಟಳೆ ಅನ್ವಯಿಸದೆಂಬ ವಾದದಿಂದಲೋ, ಸಾಯುವವನೊಬ್ಬನ ವೈಯಕ್ತಿಕ ನೋವಿನಿಂದಲೋ? ರಾಮನ ಅರ್ಥಧಾರಿ ಎಲ್ಲಿ ಸೋತ, ಎಲ್ಲಿ ತಿರುಗಿ ನಿಂತ? ಈ ವಿವರಗಳು ಮರುದಿನ ಬೆಳಗ್ಗೆ ಬರೆದರೆ ಉಳಿದವು, ಇಲ್ಲವಾದರೆ ಹೋದವು. ಧ್ವನಿಮುದ್ರಣ ಇಲ್ಲದ ಸಾವಿರಾರು ಕೂಟಗಳು ಹೀಗೆಯೇ ಹೋಗಿವೆ.

ಧ್ವನಿಮುದ್ರಣ ಇದ್ದಾಗಲೂ ಎಲ್ಲವೂ ಉಳಿಯುವುದಿಲ್ಲ. ಬಡಗುತಿಟ್ಟಿನ ಭಾಗವತ ಕಾಳಿಂಗ ನಾವಡರು 1990ರಲ್ಲಿ ಎಳೆಯ ಪ್ರಾಯದಲ್ಲಿಯೇ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ಕಂಠ ಕ್ಯಾಸೆಟ್ಟುಗಳ ಮೂಲಕ ಮುಂದಿನ ತಲೆಮಾರಿಗೂ ತಲುಪಿತು. ಆದರೆ ಭಾಗವತನು ಗಾಯಕನಷ್ಟೇ ಅಲ್ಲ, ಇಡೀ ರಂಗದ ಸೂತ್ರಧಾರ. ಸೊರಗುತ್ತಿರುವ ಸನ್ನಿವೇಶವನ್ನು ಯಾವ ಪದ್ಯವನ್ನು ಬಿಟ್ಟು ಯಾವುದನ್ನು ಎತ್ತಿಕೊಂಡು ಅವರು ಮೇಲೆತ್ತುತ್ತಿದ್ದರು, ವೇಷಧಾರಿಯನ್ನು ಎಲ್ಲಿ ತಡೆದು ಎಲ್ಲಿ ಬಿಡುತ್ತಿದ್ದರು ಎಂಬುದನ್ನು ಆ ರಾತ್ರಿ ಅಲ್ಲಿ ಕುಳಿತು ನೋಡಿದವರ ಬರಹ ಮಾತ್ರ ಹೇಳಬಲ್ಲದು.

ಸ್ಥಳೀಯ ವಿಮರ್ಶಕನ ಕಷ್ಟವನ್ನು ಇಲ್ಲಿ ಮರೆಯಲಾಗದು. ರಾಜಧಾನಿಯ ವಿಮರ್ಶಕನಿಗೆ ಕಲಾವಿದ ರಂಗದ ಮೇಲಿನ ವ್ಯಕ್ತಿ. ಊರಿನ ವಿಮರ್ಶಕನಿಗಾದರೋ ಅವನು ನೆರೆಯವನು, ಮಗನ ಶಾಲೆಯ ಮೇಷ್ಟರು, ಬಸ್ ನಿಲ್ದಾಣದಲ್ಲಿ ನಾಳೆ ಬೆಳಗ್ಗೆ ಎದುರಾಗುವವನು. ಹಗಲು ಬೇರೆ ಕೆಲಸ ಮಾಡಿ ರಾತ್ರಿ ನಿದ್ದೆಗೆಟ್ಟು ಕಲೆಯನ್ನು ಉಳಿಸಿಕೊಂಡು ಬಂದವರ ಬಗ್ಗೆ ಕಟುವಾಗಿ ಬರೆಯುವುದು ಕೃತಘ್ನತೆಯೆಂದು ಅನ್ನಿಸುವುದೂ ಸಹಜ. ಸ್ಥಳೀಯ ಪತ್ರಿಕೆ ಪ್ರೋತ್ಸಾಹಿಸಬೇಕೇ ಹೊರತು ವಿಮರ್ಶಿಸಬಾರದು ಎಂಬ ಅಭಿಪ್ರಾಯ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಈ ವಾದದಲ್ಲಿ ಮನುಷ್ಯತ್ವವಿದೆ, ಆದರೆ ಅದು ಒಂದು ತಪ್ಪು ಗ್ರಹಿಕೆಯ ಮೇಲೆ ನಿಂತಿದೆ. ವಿಮರ್ಶೆಯೆಂದರೆ ತೀರ್ಪು ಎಂಬುದೇ ಆ ಗ್ರಹಿಕೆ. ತೀರ್ಪಿಗಿಂತ ಮೊದಲು ವಿಮರ್ಶೆ ಒಂದು ವರ್ಣನೆ. ಏನು ನಡೆಯಿತು ಎಂಬುದನ್ನು ಕಲೆಯ ಪರಿಭಾಷೆಯಲ್ಲಿ ನಿಷ್ಠೆಯಿಂದ ಹೇಳಿದರೆ ತೀರ್ಪು ಅದರಲ್ಲಿಯೇ ಅಡಕವಾಗಿರುತ್ತದೆ. ‘ಮದ್ದಳೆ ಎದ್ದು ಕೇಳಿಸಿದ್ದರಿಂದ ಪದ್ಯದ ಸಾಹಿತ್ಯ ಹಿಂದಿನ ಸಾಲುಗಳಿಗೆ ತಲುಪಲಿಲ್ಲ’ ಎಂಬ ವಾಕ್ಯದಲ್ಲಿ ಯಾರ ಅವಹೇಳನವೂ ಇಲ್ಲ. ಚೌಕಿಯಲ್ಲಿ ಬಣ್ಣ ಒರೆಸಿಕೊಳ್ಳುತ್ತಿರುವ ಕಲಾವಿದ ಆಪ್ತರನ್ನು ಕೇಳುವುದೂ ಇಂಥ ಮಾತನ್ನೇ. ಎಲ್ಲರನ್ನೂ ಒಂದೇ ಅಳತೆಯಲ್ಲಿ ಹೊಗಳಿದಾಗ ನಷ್ಟವಾಗುವುದು ನಿಜವಾಗಿ ಚೆನ್ನಾಗಿ ಆಡಿದವನಿಗೆ. ಅವನಿಗೆ ಸಲ್ಲಬೇಕಾದ ಮಾತನ್ನು ಅದೇ ಪುಟ ನಿನ್ನೆಯೇ ಬೇರೊಬ್ಬನಿಗೆ ಖರ್ಚುಮಾಡಿರುತ್ತದೆ.

ಇಂತಹ ವರ್ಣನಾತ್ಮಕ ವಿಮರ್ಶೆಗೆ ನಮ್ಮಲ್ಲಿ ಮಾದರಿಗಳಿಲ್ಲವೆಂದಲ್ಲ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ 1957ರಲ್ಲಿ ಪ್ರಕಟವಾಯಿತು, ಅದಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಕಾರಂತರ ನಿಲುವುಗಳನ್ನು ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೆ ವೇಷ, ಬಣ್ಣ, ಹಾಡು, ಕುಣಿತಗಳನ್ನು ಅವರು ವಿವರವಾಗಿ ದಾಖಲಿಸಿದ್ದರಿಂದಲೇ ಅವರೊಡನೆ ವಾದಿಸುವುದು ಸಾಧ್ಯವಾಯಿತು. ಎಂ. ಪ್ರಭಾಕರ ಜೋಶಿಯವರ ‘ಜಾಗರ’ ಮುಂತಾದ ಲೇಖನ ಸಂಕಲನಗಳು ಒಳಗಿನವರೇ ಆಗಿ ಕಲೆಯನ್ನು ವಿಮರ್ಶಿಸಬಹುದೆಂಬುದನ್ನು ತೋರಿಸಿಕೊಟ್ಟವು. ಹೆಗ್ಗೋಡಿನಂತಹ ಸಣ್ಣ ಊರಿನಿಂದ ನೀನಾಸಂ ಹೊರತರುವ ‘ಮಾತುಕತೆ’ಯು ಊರಿನ ಚಟುವಟಿಕೆಯ ವರದಿಯನ್ನೂ ಗಂಭೀರ ಚಿಂತನೆಯನ್ನೂ ಒಂದೇ ಸಂಪುಟದಲ್ಲಿ ಇಟ್ಟು, ಸ್ಥಳೀಯವಾದದ್ದು ಸಣ್ಣದಾಗಬೇಕಿಲ್ಲ ಎಂಬುದನ್ನು ಸ್ಥಾಪಿಸಿತು. ಕನ್ನಡದ ಮೊದಲ ಪತ್ರಿಕೆಯೇ 1843ರಲ್ಲಿ ಒಂದು ಊರಿನ ಹೆಸರನ್ನು ಹೊತ್ತು ‘ಮಂಗಳೂರ ಸಮಾಚಾರ’ವಾಗಿ ಹೊರಬಂದದ್ದನ್ನು ಇಲ್ಲಿ ನೆನೆಯುವುದು ಉಚಿತ.

5

ಮೂರನೆಯದು ನೆನಪಿನ ವಿಚಾರ. ಇದು ಸಂಶೋಧಕರಿಗೂ ಗ್ರಂಥಾಲಯಗಳಿಗೂ ನೇರವಾಗಿ ಸಂಬಂಧಿಸಿದ್ದು. ಸ್ಥಳೀಯ ಕಲಾವಾರ್ತೆಯ ಆಯುಷ್ಯ ಒಂದು ದಿನವೆಂದು ಅದನ್ನು ಬರೆದವರೂ ಓದಿದವರೂ ಭಾವಿಸುತ್ತಾರೆ. ಆದರೆ ಪ್ರದರ್ಶನ ಕಲೆಗಳ ಇತಿಹಾಸಕ್ಕೆ ಬೇರೆ ಆಕರ ವಿರಳ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂಬದಿಯ ಬಯಲಿನಲ್ಲಿ 1972ರಲ್ಲಿ ಬಿ. ವಿ. ಕಾರಂತರ ನಿರ್ದೇಶನದಲ್ಲಿ ನಡೆದ ನಾಟಕಗಳು ಆಧುನಿಕ ಕನ್ನಡ ರಂಗಭೂಮಿಯ ಒಂದು ತಿರುವು ಎಂದು ಎಲ್ಲರೂ ಒಪ್ಪುತ್ತಾರೆ. ಅವುಗಳಲ್ಲೊಂದಾದ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯ ಪಠ್ಯವನ್ನು ಯಾವ ಗ್ರಂಥಾಲಯದಲ್ಲಿಯೂ ಪಡೆಯಬಹುದು. ಆ ರಾತ್ರಿ ರಂಗದ ಮೇಲೆ ಮೂಡಿದ ಪ್ರಯೋಗವನ್ನು ಪಡೆಯಬೇಕಾದರೆ ನೋಡಿದವರ ನೆನಪನ್ನೂ ಅಂದಿನ ಪತ್ರಿಕೆಗಳನ್ನೂ ಕರಪತ್ರಗಳನ್ನೂ ಹುಡುಕಿಕೊಂಡು ಹೋಗಬೇಕು. ರಾಜಧಾನಿಯಲ್ಲಿ ನಡೆದ, ಹೆಸರಾದ ಪ್ರಯೋಗದ ಪಾಡೇ ಹೀಗಾದರೆ ಒಂದು ಹೋಬಳಿಯ ಬಯಲಾಟದ ಪಾಡನ್ನು ಊಹಿಸಿಕೊಳ್ಳಬಹುದು.

ಸಿಕ್ಕಿದ ಕರಪತ್ರವೂ ಸುಲಭವಾಗಿ ಮಾತನಾಡುವುದಿಲ್ಲ. ದಿನಾಂಕ, ವಾರಗಳನ್ನು ಅಚ್ಚುಮಾಡಿ ಇಸವಿಯನ್ನು ಬಿಟ್ಟುಬಿಡುವುದು ಕರಪತ್ರಗಳ ಸಾಮಾನ್ಯ ರೂಢಿ. ಆ ವಾರ ಆಟ ನೋಡುವವನಿಗೆ ಇಸವಿ ಬೇಕಿರಲಿಲ್ಲ. ‘ಜನವರಿ 14, ಶನಿವಾರ’ ಎಂದಷ್ಟೇ ಇರುವ ಕರಪತ್ರವೊಂದು ಕೈಗೆ ಸಿಕ್ಕಿತೆನ್ನೋಣ. 1975ರಿಂದ 2000ದವರೆಗಿನ ಅವಧಿಯಲ್ಲಿ ಅಂತಹ ಶನಿವಾರಗಳು 1978, 1984, 1989 ಮತ್ತು 1995ರಲ್ಲಿ, ಒಟ್ಟು ನಾಲ್ಕು ಸಲ ಬಂದಿವೆ. ಇವುಗಳಲ್ಲಿ ಯಾವುದೆಂದು ನಿರ್ಧರಿಸಲು ಸಂಶೋಧಕನು ಟಿಕೆಟಿನ ದರ, ದೂರವಾಣಿ ಸಂಖ್ಯೆಯ ಅಂಕಿಗಳ ಎಣಿಕೆ, ಕಲಾವಿದರು ಆ ಮೇಳದಲ್ಲಿದ್ದ ಅವಧಿ, ಕೊನೆಗೆ ಕೆಳ ಅಂಚಿನ ಮುದ್ರಣಾಲಯದ ಹೆಸರನ್ನು ಆಶ್ರಯಿಸಬೇಕಾಗುತ್ತದೆ. ಮುದ್ರಿಸಿದ ಪ್ರತಿಯೊಂದು ಕಾಗದದ ಮೇಲೂ ಮುದ್ರಕರ ಹೆಸರು ಮತ್ತು ಸ್ಥಳ ಇರಬೇಕೆಂದು 1867ರ ಮುದ್ರಣ ಕಾಯಿದೆ ವಿಧಿಸಿತ್ತು. ಅದರ ಸ್ಥಾನದಲ್ಲಿ 2023ರ ಹೊಸ ಕಾಯಿದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ಹಳೆಯ ಕಾಯಿದೆಯ ಉದ್ದೇಶ ಸರ್ಕಾರದ ನಿಗಾ ಆಗಿದ್ದರೂ, ಅದರ ಆ ಒಂದು ಸಾಲು ಕಲೆಯ ಇತಿಹಾಸಕಾರನಿಗೆ ಊರುಗೋಲಾಗಿದೆ. ಕರಪತ್ರದ ಮೇಲೆ ನಾಲ್ಕು ಅಂಕಿಗಳ ಇಸವಿಯನ್ನು ಸೇರಿಸುವುದಕ್ಕೆ ಯಾವ ಖರ್ಚೂ ಇಲ್ಲ. ಆ ನಾಲ್ಕು ಅಂಕಿಗಳು ಮುಂದಿನ ಸಂಶೋಧಕನ ಎಷ್ಟೋ ತಿಂಗಳುಗಳ ಶ್ರಮವನ್ನು ಉಳಿಸುತ್ತವೆ.

ಪತ್ರಿಕೆಗಳ ವಿಷಯದಲ್ಲಿ ಬೇರೊಂದು ತೊಡಕಿದೆ. ದೊಡ್ಡ ದಿನಪತ್ರಿಕೆಗಳು ಜಿಲ್ಲೆಗೊಂದು ಪುಟವನ್ನೋ ಪ್ರದೇಶಕ್ಕೊಂದು ಆವೃತ್ತಿಯನ್ನೋ ಹೊರತರುತ್ತವೆ. ಆಟದ ಪಟ್ಟಿಯೂ ಕಾರ್ಯಕ್ರಮದ ವರದಿಯೂ ಬರುವುದು ಈ ಜಿಲ್ಲಾ ಪುಟಗಳಲ್ಲಿ. ಗ್ರಂಥಾಲಯವು ಒಂದು ಆವೃತ್ತಿಯನ್ನು ಮಾತ್ರ ಕಟ್ಟಿಸಿ ಇಟ್ಟರೆ ಉಳಿದ ಜಿಲ್ಲೆಗಳ ಕಲೆಯ ದಿನಚರಿ ಅಲ್ಲಿಗೆ ಇಲ್ಲವಾಗುತ್ತದೆ. ಈ ಲೇಖಕ ಹಿಂದೊಮ್ಮೆ ಒಂದು ಗ್ರಂಥಾಲಯದಲ್ಲಿ ಕರಾವಳಿಯ ಒಂದು ತಿರುಗಾಟದ ವಿವರಗಳಿಗಾಗಿ ಪತ್ರಿಕೆಯ ಕಟ್ಟುಗಳನ್ನು ತೆಗೆಸಿದಾಗ, ಸಂಪುಟಗಳು ಒಂದೂ ತಪ್ಪದೆ ಇದ್ದವು. ಆದರೆ ಅವು ಬೇರೊಂದು ನಗರದ ಆವೃತ್ತಿಗಳಾಗಿದ್ದವು. ಪುರವಣಿಗಳನ್ನು ಬೈಂಡಿಂಗಿಗೆ ಮೊದಲೇ ತೆಗೆದುಹಾಕಲಾಗಿತ್ತು. ಸಿಬ್ಬಂದಿಯ ತಪ್ಪು ಇದರಲ್ಲಿರಲಿಲ್ಲ. ಅಂತಹ ಪುಟಕ್ಕೆ ಉಳಿಯುವ ಯೋಗ್ಯತೆಯಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಪ್ರಕಟವಾದ ಪುಸ್ತಕಗಳ ಮತ್ತು ವೃತ್ತಪತ್ರಿಕೆಗಳ ಪ್ರತಿಗಳನ್ನು ನಿಗದಿತ ಗ್ರಂಥಾಲಯಗಳಿಗೆ ಸಲ್ಲಿಸಬೇಕೆಂಬ ಕೇಂದ್ರದ ಕಾಯಿದೆ 1954ರಿಂದ ಇದೆ, ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರದು. ಕರಪತ್ರವನ್ನೋ ಆಮಂತ್ರಣ ಪತ್ರಿಕೆಯನ್ನೋ ಪುಸ್ತಕವೆಂದು ಎಣಿಸಿ ತಂದುಕೊಡುವವರು ಯಾರೂ ಇಲ್ಲವಾದ್ದರಿಂದ ಅವು ಮನೆಗಳ ಅಟ್ಟದ ಮೇಲೆಯೋ ರಸಿಕರ ಖಾಸಗಿ ಕಡತಗಳಲ್ಲಿಯೋ ಉಳಿದಿವೆ.

ಈಗ ಮೊಬೈಲಿನ ಕಾಲ. ಕರಪತ್ರ ಕಾಗದವಾಗಿ ಬರುವುದಕ್ಕಿಂತ ಹೆಚ್ಚಾಗಿ ಚಿತ್ರವಾಗಿ ಒಬ್ಬರಿಂದ ಒಬ್ಬರಿಗೆ ಹರಿದುಬರುತ್ತದೆ. ತಲುಪುವ ವೇಗ ಹೆಚ್ಚಾಗಿದೆ. ಇಸವಿ ಬಿಡುವ ರೂಢಿ ಮಾತ್ರ ಹಾಗೆಯೇ ಮುಂದುವರಿದಿದೆ, ಹಾಗಾಗಿ ಕಳೆದ ವರ್ಷದ ಪ್ರಕಟಣೆ ಈ ವರ್ಷ ಮತ್ತೆ ಸುತ್ತುವುದೂ, ರದ್ದಾದ ಕಾರ್ಯಕ್ರಮದ ಆಹ್ವಾನ ರದ್ದಾದ ಸುದ್ದಿಗಿಂತ ವೇಗವಾಗಿ ಹರಡುವುದೂ ಉಂಟು. ಕಾಗದದ ಕರಪತ್ರ ಅಟ್ಟದ ಮೇಲಾದರೂ ಉಳಿಯುತ್ತಿತ್ತು. ಈ ಚಿತ್ರಗಳು ಮೊಬೈಲು ಬದಲಾಯಿಸಿದ ದಿನವೇ ಅಳಿಯುತ್ತವೆ. ಮಾಧ್ಯಮ ಯಾವುದೇ ಆಗಲಿ, ಮೇಲೆ ಹೇಳಿದ ಮೂರು ಪರೀಕ್ಷೆಗಳು ಬದಲಾಗುವುದಿಲ್ಲ.

ಈ ಸಣ್ಣ ಬರಹದ ಐತಿಹಾಸಿಕ ಮಹತ್ವಕ್ಕೆ ಇತ್ತೀಚಿನ ಒಂದು ನಿದರ್ಶನವಿದೆ. 2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ಸೋಂಕಿನ ಕಾರಣದಿಂದ ದೇಶದಾದ್ಯಂತ ಲಾಕ್‌ಡೌನ್ ಘೋಷಣೆಯಾದಾಗ ಮೇಳಗಳ ತಿರುಗಾಟ ಅರ್ಧಕ್ಕೇ ನಿಂತಿತು. ಇನ್ನೂ ಎರಡು ತಿಂಗಳ ಆಟಗಳು ಬಾಕಿ ಇದ್ದವು. ಅಂದಂದಿನ ಆಟಗಳ ಅಂಕಣಕ್ಕೆ ಬರೆಯಲು ಏನೂ ಉಳಿಯಲಿಲ್ಲ. ಮುಂದೊಂದು ಕಾಲದಲ್ಲಿ ಆ ವರ್ಷದ ಯಕ್ಷಗಾನದ ಬಗ್ಗೆ ಬರೆಯುವವನಿಗೆ, ಯಾವ ದಿನಾಂಕದವರೆಗೆ ಪಟ್ಟಿ ಬಂದಿದೆ, ಎಂದು ನಿಂತಿದೆ, ಮತ್ತೆ ಎಂದು ತೊಡಗಿದೆ ಎಂಬುದೇ ಒಂದು ಅಧ್ಯಾಯವಾಗುತ್ತದೆ. ಪ್ರತಿದಿನ ತಪ್ಪದೆ ಬರೆದಿಟ್ಟ ಪಟ್ಟಿಗೆ ಮಾತ್ರ ತನ್ನ ಮೌನವನ್ನೂ ಸಾಕ್ಷ್ಯವಾಗಿಸುವ ಶಕ್ತಿ ಇರುತ್ತದೆ.

6

ಈವರೆಗಿನ ವಿವೇಚನೆಯನ್ನು ಹೀಗೆ ಸಂಗ್ರಹಿಸಬಹುದು. ಸ್ಥಳೀಯ ಕಲಾಪುಟವೊಂದು ಓದುಗನ ಸಮಯಕ್ಕೆ ಯೋಗ್ಯವಾಗುವುದು ಮೊದಲನೆಯದಾಗಿ, ಎಲ್ಲಿ, ಎಂದು, ಎಷ್ಟು ಹೊತ್ತಿಗೆ, ಯಾರು, ಯಾವುದನ್ನು ಎಂಬ ಪ್ರಶ್ನೆಗಳಿಗೆ ತಪ್ಪದೆ ಉತ್ತರಿಸಿದಾಗ. ಎರಡನೆಯದಾಗಿ, ಅತಿಥಿಗಳಿಗಿಂತ ಕಲಾವಿದರನ್ನು ಮುಂದಿಟ್ಟು, ಹೊಗಳಿಕೆಗಿಂತ ವರ್ಣನೆಯನ್ನು ನಂಬಿ, ಮಾರುವವನ ಮಾತನ್ನು ತನ್ನ ಮಾತಿನಿಂದ ಬೇರ್ಪಡಿಸಿದಾಗ. ಮೂರನೆಯದಾಗಿ, ನಿನ್ನೆಯದನ್ನು ನಾಳೆಯೂ ಹುಡುಕಿ ಓದುವಂತೆ ಇಟ್ಟಾಗ. ಇವುಗಳಲ್ಲಿ ಮೊದಲನೆಯದು ವರದಿಗಾರನ ಹೊಣೆ, ಎರಡನೆಯದು ವಿಮರ್ಶಕನದು, ಮೂರನೆಯದು ಗ್ರಂಥಾಲಯದ್ದು. ಆದರೆ ಇವು ಒಂದಕ್ಕೊಂದು ಹೆಣೆದುಕೊಂಡಿವೆ. ನಿಖರವಾಗಿ ಬರೆಯದ ಪಟ್ಟಿಯನ್ನು ಉಳಿಸಿದರೂ ಪ್ರಯೋಜನವಿಲ್ಲ, ಉಳಿಸದಿದ್ದರೆ ನಿಖರವಾಗಿ ಬರೆದ ಶ್ರಮ ವ್ಯರ್ಥ.

ಆದ್ದರಿಂದ ಅಕಾಡೆಮಿಗಳು ಮತ್ತು ಜಿಲ್ಲಾ ಗ್ರಂಥಾಲಯಗಳು ಸೇರಿ ಕೈಗೊಳ್ಳಬಹುದಾದ ಕೆಲವು ಸರಳ ಕ್ರಮಗಳನ್ನು ಸೂಚಿಸಬಹುದು. ಪ್ರತಿ ಜಿಲ್ಲೆಯ ಗ್ರಂಥಾಲಯವು ತನ್ನ ಜಿಲ್ಲೆಯ ಆವೃತ್ತಿಯನ್ನು ಪುರವಣಿ ಸಮೇತ ಕಟ್ಟಿಸಿ ಇಡುವುದು. ಕರಪತ್ರ, ಆಮಂತ್ರಣ ಪತ್ರಿಕೆಗಳಿಗಾಗಿ ಒಂದು ಪೆಟ್ಟಿಗೆಯನ್ನು ಇಟ್ಟು, ಬಂದ ದಿನಾಂಕವನ್ನು ಇಸವಿಯೊಂದಿಗೆ ಹಿಂಬದಿಯಲ್ಲಿ ಬರೆಯುವುದು. ಅಕಾಡೆಮಿಯ ಧನಸಹಾಯ ಪಡೆಯುವ ಕಾರ್ಯಕ್ರಮಗಳು ಲೆಕ್ಕಪತ್ರದ ಜತೆಗೆ ಭಾಗವಹಿಸಿದ ಎಲ್ಲ ಕಲಾವಿದರ ಹೆಸರು ಮತ್ತು ಪಾತ್ರಗಳ ಪಟ್ಟಿಯನ್ನೂ ಸಲ್ಲಿಸುವುದು. ಯಕ್ಷಗಾನದ ಮಟ್ಟಿಗೆ ಹೇಳುವುದಾದರೆ, ಆಟ ಮುಗಿದ ಮೇಲೆ ಆ ರಾತ್ರಿಯ ಪಾತ್ರ ಹಂಚಿಕೆಯನ್ನು ಚೌಕಿಯಲ್ಲಿಯೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಮೇಳದಲ್ಲಿ ಯಾರಾದರೊಬ್ಬರು ದಿನಕ್ಕೆ ಹತ್ತು ನಿಮಿಷ ವ್ಯಯಿಸಿದರೆ ಇದು ಸಾಧ್ಯ. ಒಂದು ತಿರುಗಾಟ ಮುಗಿಯುವ ಹೊತ್ತಿಗೆ ಆ ನೋಟ್‌ಬುಕ್ಕು ಒಂದು ಮೇಳದ ಸುಮಾರು ಆರು ತಿಂಗಳ ಇತಿಹಾಸವಾಗಿರುತ್ತದೆ. ‘ಬಳಗದವರು’ ಎಂಬ ಪದದೊಳಗಿನ ಜನರಿಗೆ ಆಗ ಹೆಸರುಗಳು ಮರಳಿ ಬರುತ್ತವೆ.

ಕೇಳಿಯ ಚೆಂಡೆ ಹೇಳುತ್ತಿದ್ದುದು ಒಂದೇ ಮಾತು, ಅದು ನಿಜವಾದ ಮಾತು. ಇಂದಿನ ಕಲಾವಾರ್ತೆಗೆ ನೂರು ಮಾತುಗಳನ್ನು ಹೇಳುವ ಅನುಕೂಲವಿದೆ. ಅವುಗಳಲ್ಲಿ ಪ್ರತಿಯೊಂದನ್ನೂ ಚೆಂಡೆಯ ಸದ್ದನ್ನು ನಂಬಿದಂತೆ ನಂಬಬಹುದೇ ಎಂಬ ಪ್ರಶ್ನೆಯನ್ನು ಅದನ್ನು ಬರೆಯುವವರು, ಅಚ್ಚುಮಾಡುವವರು ಮತ್ತು ಕಾಪಿಡುವವರು ಮೂವರೂ ಕೇಳಿಕೊಳ್ಳಬೇಕಾಗಿದೆ.